ನಾನು ಬರೆದ ಒಂದು ಸಾಲು ಇಂಗ್ಲಿಷ್

ನಡುಮನೆಯಲ್ಲಿ ನಿಮ್ಮ ಅಜ್ಜನ ಫೋಟೋದ ಪಕ್ಕಕ್ಕೆ ನನ್ನ ಸರ್ಟಿಫಿಕೇಟು ತೂಗುಹಾಕಿದೆಯಲ್ಲ, ಅದನ್ನು ಹಾಕಿದವಳು ನಾನಲ್ಲ. ನಿಮ್ಮ ಅಜ್ಜ ಕಟ್ಟು ಹಾಕಿಸಿ ತಂದು, ಮೊಳೆ ಹೊಡೆದು, ಮನೆಗೆ ಬಂದವರಿಗೆಲ್ಲ ಅದರ ಕೆಳಗೇ ಕುರ್ಚಿ ಹಾಕುತ್ತಿದ್ದರು. ಅವರು ತೀರಿಕೊಂಡ ಮೇಲೆ ಅದನ್ನು ಇಳಿಸಬೇಕೆಂದು ಎರಡು ಸಲ ಸ್ಟೂಲು ಹತ್ತಿದ್ದೆ. ತೆಗೆದರೆ ಗೋಡೆಯ ಮೇಲೆ ಬೆಳ್ಳಗೆ ಒಂದು ಚೌಕ ಉಳಿಯುತ್ತದೆ, ಯಾಕೆ ತೆಗೆದಿ ಎಂದು ಕೇಳುತ್ತಾರೆ ಎಂದುಕೊಂಡು ಎರಡು ಸಲವೂ ಇಳಿದೆ. ಯಾರಾದರೂ ಏನಾದರೂ ಕೇಳಿಯಾರು ಎಂಬ ಅಂಜಿಕೆ ನನಗೆ ಚಿಕ್ಕಂದಿನಿಂದ ಇದೆ.

ಹೋದ ದೀಪಾವಳಿಗೆ ಬಂದಾಗ ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣವಳು ಅದರ ಕೆಳಗೆ ನಿಂತು ಒಂದೊಂದೇ ಅಕ್ಷರ ಓದಿದಳು. ‘ಅಜ್ಜಿ, ನೀ ಆಸ್ಪತ್ರಿ ಆಡಳಿತ ಓದೀಯೇನು? ಹೆಂಗ ಓದಿದಿ?’ ಎಂದಳು. ‘ಪೋಸ್ಟಿನ್ಯಾಗ’ ಎಂದಷ್ಟೇ ಹೇಳಿ ಒಳಗೆ ಹೋಗಿಬಿಟ್ಟೆ. ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಓದಿನಿಂದ ನನಗೆ ಒಂದು ಕುರ್ಚಿ ಸಿಕ್ಕಿತು. ಅದೇ ಓದಿನಿಂದ ಇನ್ನೊಬ್ಬ ಹೆಂಗಸು ತನ್ನ ಕೆಲಸ ಕಳೆದುಕೊಂಡಳು. ಇದು ನಿಮ್ಮ ಅಜ್ಜನಿಗೂ ಗೊತ್ತಿರಲಿಲ್ಲ.

ನಾನು ಓದಿದ್ದು ಮಲಪನಗುಡಿಯ ಶಾಲೆಯಲ್ಲಿ. ಇಂಗ್ಲಿಷ್ ಪಾಠವನ್ನು ಮೇಷ್ಟ್ರು ಪದ್ಯದ ಹಾಗೆ ರಾಗವಾಗಿ ಹೇಳಿಕೊಡುತ್ತಿದ್ದರು. ಅರ್ಥ ಕೇಳಿದವರಿಗೆ ‘ಮುಂದ ಗೊತ್ತಾಗ್ತೈತಿ, ಕುಂದ್ರು’ ಎನ್ನುತ್ತಿದ್ದರು. ನಾನು ಕೇಳಿದವಳೂ ಅಲ್ಲ. ಆಮೇಲೆ ನರ್ಸ್ ತರಬೇತಿ ಮುಗಿಸಿ, ಹೊಸಪೇಟೆಯ ಒಂದು ಧರ್ಮಾಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ಕಾಲುವೆ ನೀರು ಬಂದ ಮೇಲೆ ಕಂಪ್ಲಿ ಕಡೆ ಭತ್ತ, ಕಬ್ಬು ಬೆಳೆದು ನಾಲ್ಕು ಕಾಸು ಕಂಡ ಮನೆತನದವರು ಕೂಡಿ ಕಟ್ಟಿದ ಆಸ್ಪತ್ರೆ ಅದು. ಒಂದೊಂದು ಫ್ಯಾನಿನ ರೆಕ್ಕೆಯ ಮೇಲೂ ದಾನ ಕೊಟ್ಟವರ ಹೆಸರು ಬರೆಸಿದ್ದರು. ಫ್ಯಾನು ತಿರುಗುವಾಗ ಯಾವ ಹೆಸರೂ ಕಾಣುತ್ತಿರಲಿಲ್ಲ. ಕರೆಂಟು ಹೋದಾಗ ಮಾತ್ರ ಓದಬಹುದಿತ್ತು.

ಹೆಂಗಸರ ಹೊರರೋಗಿ ವಿಭಾಗದ ಬಾಗಿಲಲ್ಲಿ ಒಂದು ಮರದ ಸ್ಟೂಲು. ಅದರ ಮೇಲೆ ಆಯಮ್ಮ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ಚಿತ್ತವಾಡ್ಗಿಯವಳು, ದಿನಗೂಲಿಯ ಮೇಲೆ ಇದ್ದವಳು. ಮನೆಯಲ್ಲಿ ಗಂಡ ಎದೆನೋವಿನಿಂದ ಹಾಸಿಗೆ ಹಿಡಿದಿದ್ದ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ಮನೆಗೆ ಔಷಧಿ ಪುಕ್ಕಟೆ ಸಿಗುತ್ತಿತ್ತು, ಅದಕ್ಕಾಗಿಯೇ ಆಕೆ ಹಬ್ಬಕ್ಕೂ ರಜೆ ಹಾಕುತ್ತಿರಲಿಲ್ಲ. ಡಾಕ್ಟರ ಕೋಣೆಯೊಳಗೆ ಯಾರು ಮೊದಲು ಹೋಗಬೇಕು, ಯಾರು ಕಾಯಬೇಕು ಎಂಬುದನ್ನು ಆಯಮ್ಮನೇ ನಿರ್ಧರಿಸುತ್ತಿದ್ದಳು. ಪುಸ್ತಕವಿಲ್ಲ, ನಂಬರಿಲ್ಲ. ಬೆಳಗ್ಗೆ ಬೇಗ ಬಂದ ಪೇಟೆಯ ಅಂಗಡಿಯವರ ಹೆಂಡಂದಿರು ಕೂತೇ ಇರುತ್ತಿದ್ದರು, ಹನ್ನೊಂದಕ್ಕೆ ಬಂದ ಯಾವಳನ್ನೋ ಈಕೆ ತೋಳು ಹಿಡಿದು ಒಳಗೆ ಬಿಡುತ್ತಿದ್ದಳು. ‘ನಿಮ್ಮ ಆಯಾಗ ಲಂಚ ಕೊಡಬೇಕೇನ್ರಿ?’ ಎಂದು ಒಬ್ಬಾಕೆ ನನ್ನನ್ನೇ ಕೇಳಿದ್ದಳು.

ಆ ವರ್ಷ ಆಸ್ಪತ್ರೆಯ ಹಳೆಯ ಮ್ಯಾನೇಜರು ಕೆಲಸ ಬಿಡುವುದಾಗಿ ಹೇಳಿದರು. ನಮ್ಮ ದೊಡ್ಡ ಡಾಕ್ಟರು ನನ್ನನ್ನು ಕರೆದು ಒಂದು ಅರ್ಜಿ ಕೈಗಿಟ್ಟರು. ಕೆಲಸದಲ್ಲಿರುವ ನರ್ಸು, ಕಾಂಪೌಂಡರುಗಳಿಗಾಗಿ ಅಂಚೆಯ ಮೂಲಕ ಆಸ್ಪತ್ರೆ ಆಡಳಿತ ಕಲಿಸುವ ಕೋರ್ಸು. ‘ಹೊರಗಿನವ್ರನ್ನ ತಂದು ಕುಂದ್ರಿಸೋದು ಬ್ಯಾಡ. ನೀವು ಓದ್ರಿ ಸಿಸ್ಟರ್. ಪಾಸಾದ್ರ ಆ ಕುರ್ಚಿ ನಿಮ್ದ’ ಎಂದರು. ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಅಲ್ಲೇ ಹೇಳಬೇಕಿತ್ತು. ಚೀಟಿ, ಔಷಧಿಯ ಹೆಸರು, ಜ್ವರದ ಚಾರ್ಟು ಇಷ್ಟಕ್ಕೆ ಬೇಕಾದ ಇಂಗ್ಲಿಷ್ ನನಗೆ ಬರುತ್ತಿತ್ತು, ಅದನ್ನೇ ಅವರು ಪೂರ್ತಿ ಇಂಗ್ಲಿಷ್ ಎಂದು ತಿಳಿದಿದ್ದರು. ನಾನು ತಲೆ ಆಡಿಸಿದೆ.

ಕಂದು ಕವರಿನಲ್ಲಿ ಪಾಠಗಳು ಬರತೊಡಗಿದವು. ಡ್ಯಾಮಿನ ಕ್ವಾರ್ಟರ್ಸಿನಲ್ಲಿ ನಮ್ಮದು ಎರಡು ಕೋಣೆಯ ಮನೆ. ಜೋಳದ ಹಿಟ್ಟು ಕಲಸುವಾಗ ಪಾಠದ ಹಾಳೆಯನ್ನು ಡಬ್ಬಿಗೆ ಒರಗಿಸಿ ಇಟ್ಟುಕೊಳ್ಳುತ್ತಿದ್ದೆ, ರೊಟ್ಟಿ ಬಡಿಯುವ ತಾಳಕ್ಕೆ ಸರಿಯಾಗಿ ಬಾಯಿಪಾಠ ಮಾಡುತ್ತಿದ್ದೆ. ಮೇಷ್ಟ್ರು ಕಲಿಸಿದ ಪದ್ಧತಿಯೇ. ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ನಿಮ್ಮ ಅಜ್ಜ, ‘ಕಾಲೇಜಿಗೆ ಹೋಗೋ ಹುಡಿಗೀಗೆ ಇವತ್ತರ ಪಲ್ಯಕ್ಕ ಉಪ್ಪು ಹಾಕಾಕ ನೆನಪೈತೇನು?’ ಎಂದು ಕಾಡುತ್ತಿದ್ದರು. ಕಾಡಿದರೂ ಹಳೆಯ ಪುಸ್ತಕದ ಅಂಗಡಿಯಿಂದ ಒಂದು ದಪ್ಪ ಇಂಗ್ಲಿಷ್ ಕನ್ನಡ ನಿಘಂಟು ತಂದುಕೊಟ್ಟವರು ಅವರೇ. ಗೊತ್ತಿಲ್ಲದ ಪ್ರತಿ ಶಬ್ದಕ್ಕೂ ಅದನ್ನು ತೆರೆದು ನೋಡುತ್ತಿದ್ದೆ.

ಕೋರ್ಸಿನ ಕೊನೆಗೆ ಒಂದು ಅಧ್ಯಯನ ಮಾಡಿ, ಇಂಗ್ಲಿಷಿನಲ್ಲಿ ವರದಿ ಬರೆಯಬೇಕಿತ್ತು. ನಮ್ಮ ಹೆಂಗಸರ ವಿಭಾಗದಲ್ಲಿ ರೋಗಿಗಳು ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನು ಆರಿಸಿಕೊಂಡೆ. ಮೂರು ವಾರ, ಬೆಳಗಿನ ಹೊತ್ತು, ಎದೆಗೆ ಪಿನ್ನು ಹಾಕಿದ ಗಡಿಯಾರ ನೋಡುತ್ತ ಆಯಮ್ಮನ ಪಕ್ಕ ಕೂತು ಬರೆದುಕೊಂಡೆ. ಹನ್ನೆರಡು ವರ್ಷ ಅದೇ ಆಸ್ಪತ್ರೆಯಲ್ಲಿದ್ದರೂ ಆಕೆ ಏನು ಮಾಡುತ್ತಾಳೆಂದು ನಾನು ನೋಡಿದ್ದು ಆ ಮೂರು ವಾರಗಳಲ್ಲೇ.

ಆಕೆ ಮುಖ ನೋಡುತ್ತಿರಲಿಲ್ಲ. ಕಾಲು ನೋಡುತ್ತಿದ್ದಳು.

‘ಆ ಮೂಲ್ಯಾಗ ಕುಂತಾಳಲ್ರಿ, ಆಕಿ ಉಗುರು ನೋಡ್ರಿ, ಕೆಂಪಗ ಐತಿ’ ಎಂದಳು ಮೊದಲ ದಿನ. ‘ಅದಿರು ಮಣ್ಣು ಅದು, ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ. ಸಂಡೂರಿನಾಚಿಯಾಕಿ. ಒಂದೂವರಿ ಬಸ್ ತಪ್ಪಿತಂದ್ರ ಸಂಜಿಗೆ ಅದಿರು ಲಾರಿ ಹತ್ಕೊಂಡು ಹೋಗಬೇಕು. ಹೆಣ್ಣುಮಗಳು, ಒಬ್ಬಾಕಿ. ಬಿಡ್ತೀರೇನ್ರಿ ನೀವು?’

ಹಿಮ್ಮಡಿ ಒಡೆದು ಬಿರುಕಿನಲ್ಲಿ ಕರಿ ಕೆಸರು ಕೂತಿದ್ದರೆ ಕಂಪ್ಲಿ ಕಡೆಯವಳು, ಗದ್ದೆ ನಾಟಿ ಮಾಡಿ ಬಂದವಳು. ಅವರಿಗೆ ಬಸ್ಸು ತಾಸಿಗೊಂದು, ಕಾಯಬಹುದು. ಸೀರೆಯ ತುಂಬ ಬಾಳೆಯ ಕಂದು ಕಲೆ ಇದ್ದರೆ ಹಂಪಿ, ಕಮಲಾಪುರದ ತೋಟದವಳು. ಅವಳಿಗೆ ಅರ್ಧ ದಿನದ ಕೂಲಿಯಾದರೂ ಉಳಿಯಲಿ ಎಂದು ಹತ್ತೂವರೆಯೊಳಗೆ ಕಳಿಸಬೇಕು. ಕಾಲು ಸ್ವಚ್ಛ ಇದ್ದು ಚಪ್ಪಲಿ ಹೊಸದಿದ್ದರೆ ಪೇಟೆಯವಳು.

‘ಅವ್ರು ಬೈತಾರಲ್ಲ ಆಯಮ್ಮ ನಿನಗ?’

‘ಬೈಲಿ ಬಿಡ್ರಿ. ಮನಿ ಹತ್ರ ಐತಿ, ಬೈಯಾಕ ಪುರಸೊತ್ತು ಐತಿ.’

‘ಊರು ಯಾವುದಂತ ಕೇಳಿದ್ರ ಆಗ್ತಿತ್ತಲ್ಲ? ಕಾಲು ಯಾಕ ನೋಡ್ತಿ?’

‘ಕೇಳಿದ್ರ ಅಂಜತಾರ್ರಿ’ ಎಂದಳು. ‘ನಿಮ್ಮಂಗ’ ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು.

ಇವೆಲ್ಲವನ್ನೂ ನಾನು ಬರೆದುಕೊಂಡೆ. ಲೆಕ್ಕ ಹಾಕಿ ನೋಡಿದರೆ, ಆ ಮೂರು ವಾರಗಳಲ್ಲಿ ಸಂಡೂರು ಕಡೆಯ ಒಬ್ಬ ಹೆಂಗಸೂ ಬಸ್ಸು ತಪ್ಪಿಸಿಕೊಂಡಿರಲಿಲ್ಲ. ‘ಆಯಮ್ಮ, ಇದನ್ನ ನಾನು ಪುಸ್ತಕದಾಗ ಬರೀತೀನಿ’ ಎಂದೆ. ಆಕೆ ನಂಬಲಿಲ್ಲ. ‘ನನ್ನ ಬಗ್ಗೆ ಏನ್ ಬರೀತೀರಿ? ಇಂಗ್ಲಿಷಿನ್ಯಾಗ ಆಯಮ್ಮ ಅಂದ್ರ ಏನಂತಾರ?’ ‘ಡೋರ್ ಅಟೆಂಡೆಂಟ್’ ಎಂದೆ. ಆ ದಿನವೆಲ್ಲ ಬಂದವರಿಗೆ, ‘ಏ ಸರೀರವ್ವಾ, ಡೋರ್ ಟೆಂಡ್ ಕುಂತಾಳ ಇಲ್ಲಿ!’ ಎನ್ನುತ್ತಿದ್ದಳು.

ವರದಿಯ ಕೊನೆಯಲ್ಲಿ ಶಿಫಾರಸು ಬರೆಯಬೇಕು. ಪಾಠದ ಪ್ರಕಾರ ರೋಗಿಗಳಿಗೆ ನಂಬರಿನ ಟೋಕನ್ ಕೊಡುವುದು ಒಳ್ಳೆಯ ಪದ್ಧತಿ. ಪೇಟೆಯವರ ತಕರಾರೂ ತಪ್ಪುತ್ತದೆ ಎಂದು ಅದನ್ನು ಬರೆದೆ. ಟೋಕನ್ ಇರಲಿ, ಆದರೆ ಅದರ ಜೊತೆಗೆ ಆಯಮ್ಮನ ಸೇವೆಯೂ ಇರಲಿ, ದೂರದವರನ್ನು ಆಕೆ ಮುಂದೆ ಕಳಿಸಲಿ ಎಂಬುದು ನನ್ನ ಮನಸ್ಸಿನಲ್ಲಿದ್ದ ಮಾತು. ಅದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ಮಾದರಿಗೆಂದು ಕಳಿಸಿದ್ದ ಒಂದು ವರದಿಯಲ್ಲಿ ಬಹಳ ಗಂಭೀರವಾದ ಒಂದು ಸಾಲಿತ್ತು. ಅದರಲ್ಲಿ ಹುದ್ದೆಯ ಹೆಸರು ಬದಲಿಸಿ ನಾನು ಹೀಗೆ ಬರೆದೆ: ‘ಇಫ್ ಟೋಕನ್ಸ್ ಆರ್ ಇಂಟ್ರೊಡ್ಯೂಸ್ಡ್, ದಿ ಸರ್ವಿಸಸ್ ಆಫ್ ದಿ ಡೋರ್ ಅಟೆಂಡೆಂಟ್ ಮೇ ಬಿ ಡಿಸ್ಪೆನ್ಸ್ಡ್ ವಿತ್.’

ಡಿಸ್ಪೆನ್ಸ್ ಎಂಬುದು ನನ್ನದೇ ಶಬ್ದ. ದಿನಾ ಡಿಸ್ಪೆನ್ಸರಿಗೆ ಹೋಗುತ್ತಿದ್ದೆ. ಅಲ್ಲಿ ಔಷಧಿ ಡಿಸ್ಪೆನ್ಸ್ ಮಾಡುತ್ತಾರೆ, ಎಂದರೆ ಕೊಡುತ್ತಾರೆ. ವಿತ್ ಎಂದರೆ ಜೊತೆಗೆ. ಟೋಕನ್ ಬಂದರೆ ಆಯಮ್ಮನ ಸೇವೆಯನ್ನೂ ಅದರ ಜೊತೆಗೆ ಕೊಡಬಹುದು. ಇಷ್ಟು ಚಂದದ ಸಾಲನ್ನು ನಾನು ಬರೆದೆನಲ್ಲ ಎಂದು ಎರಡು ಸಲ ಓದಿಕೊಂಡೆ. ಗೊತ್ತಿಲ್ಲದ ಶಬ್ದಗಳಿಗೆ ನಿಘಂಟು ನೋಡುತ್ತಿದ್ದೆ ಎಂದೆನಲ್ಲ. ಇದು ಗೊತ್ತಿದ್ದ ಶಬ್ದ, ನೋಡಲಿಲ್ಲ.

ವರದಿಯ ಒಂದು ಪ್ರತಿ ಕೋರ್ಸಿನವರಿಗೆ ಹೋಯಿತು. ಇನ್ನೊಂದನ್ನು ದೊಡ್ಡ ಡಾಕ್ಟರು ಟ್ರಸ್ಟಿನ ಕಾರ್ಯದರ್ಶಿಗಳಿಗೆ ಕಳಿಸಿದರು. ಅವರು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟವರು, ಎಲ್ಲರೂ ಅವರನ್ನು ಸೌಕಾರ್ರು ಎನ್ನುತ್ತಿದ್ದರು.

ತಿಂಗಳ ನಂತರ ಬಳ್ಳಾರಿಯಲ್ಲಿ ಎರಡು ದಿನದ ತರಗತಿ ಇತ್ತು. ನಮ್ಮ ವರದಿಗಳನ್ನು ನೋಡಿದ ಮೇಷ್ಟ್ರು ಎಲ್ಲರೆದುರು ನನ್ನದನ್ನು ಎತ್ತಿ ಹಿಡಿದು, ‘ಈ ಅಮ್ಮನವರನ್ನು ನೋಡಿ ಕಲಿಯಿರಿ. ನೀವೆಲ್ಲ ಇನ್ನೂ ಹತ್ತು ಜನ ಬೇಕು ಎಂದು ಬರೆದಿದ್ದೀರಿ. ಇವರು ಧೈರ್ಯವಾಗಿ, ಟೋಕನ್ ಬಂದರೆ ಬಾಗಿಲ ಆಯಾ ಬೇಕಾಗಿಲ್ಲ, ಆ ಕೆಲಸವನ್ನೇ ತೆಗೆದುಹಾಕಬಹುದು ಎಂದಿದ್ದಾರೆ’ ಎಂದರು. ನಾನು ಇನ್ಯಾರದೋ ವರದಿ ಇರಬೇಕೆಂದು ಅತ್ತಿತ್ತ ನೋಡಿದೆ. ಪಕ್ಕದಲ್ಲಿದ್ದ ಕಾಂಪೌಂಡರು ಚಪ್ಪಾಳೆ ತಟ್ಟಿದರು. ಎದ್ದು ನಿಂತು, ಸಾರ್, ನಾನು ಬರೆದದ್ದು ಅದಲ್ಲ ಎನ್ನಬೇಕಿತ್ತು. ಎಂದರೆ ಇಂಗ್ಲಿಷ್ ಬರುವುದಿಲ್ಲ ಎಂದು ಮೂವತ್ತು ಜನರ ನಡುವೆ ಒಪ್ಪಿಕೊಂಡಂತೆ. ತಲೆ ತಗ್ಗಿಸಿ ಕೂತೆ. ಅವರು ಅದನ್ನು ವಿನಯ ಎಂದು ತಿಳಿದರು.

ಮನೆಗೆ ಬಂದು ನಿಘಂಟು ತೆರೆದೆ. ಡಿಸ್ಪೆನ್ಸ್ ವಿತ್ ಎಂದರೆ ಬೇಡವೆಂದು ಬಿಟ್ಟುಬಿಡುವುದು. ಮೇಷ್ಟ್ರು ಹೇಳಿದ್ದೇ ಸರಿ ಇತ್ತು.

ನನ್ನ ವರದಿಯ ಮೇಲೆ ತೀರ್ಮಾನ ಮಾಡುವ ಟ್ರಸ್ಟಿನ ಸಭೆಗೆ ಇನ್ನೂ ಆರು ದಿನ ಇತ್ತು. ಮೂರನೆಯ ದಿನ ರಜೆ ಹಾಕಿ ಕಂಪ್ಲಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಎರಡು ಕಡೆ ಹಸಿರು ಗದ್ದೆ, ನಡುವೆ ತುಂಬಿ ಹರಿಯುವ ಕಾಲುವೆ. ನಾನು ಒಂದೇ ಮಾತನ್ನು ಬಾಯಿಪಾಠ ಮಾಡುತ್ತಿದ್ದೆ: ‘ಸೌಕಾರ್ರೇ, ನನಗ ಆ ಶಬ್ದದ ಅರ್ಥ ಗೊತ್ತಿರಲಿಲ್ರಿ.’

ಗಿರಣಿಯ ಮುಂದೆ ಭತ್ತ ಬೇಯಿಸುವ ಹಬೆ ಹಬ್ಬಿತ್ತು. ಸೌಕಾರ್ರು ಗಾದಿಯ ಮೇಲೆ ಕೂತವರು ನನ್ನನ್ನು ಕಂಡು ಎದ್ದೇ ನಿಂತರು.

‘ಬರ್ರಿ ಬರ್ರಿ ಸಿಸ್ಟರಮ್ಮ, ಕುಂದ್ರಿ. ಲೇ, ಚಾ ಹೇಳ್ರಲೇ. ನಿಮ್ಮ ರಿಪೋರ್ಟು ನಮ್ಮ ಅಳಿಯ ಓದಿ ಹೇಳಿದ. ಭಾಳ ಮಸ್ತ್ ಐತಂತ ಇಂಗ್ಲಿಷು! ವಕೀಲ್ರು ಬರ್ದಂಗ ಐತಿ ಅಂದ. ಮಲಪನಗುಡಿ ಸಾಲ್ಯಾಗ ಓದಿದವ್ರು ಅಂದೆ, ನಂಬಲೇ ಇಲ್ಲ ಅವ.’

‘ಅದ್ರಾಗ ಒಂದು ತಪ್ಪಾಗೈತ್ರಿ’ ಎಂದೆ. ಅಷ್ಟು ನಾನು ಹೇಳಿದೆ. ಅಷ್ಟನ್ನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

‘ಏನ್ ತಪ್ಪು? ಸ್ಪೆಲ್ಲಿಂಗೇನ್ರಿ?’ ಸೌಕಾರ್ರು ಹೊಟ್ಟೆ ಕುಲುಕಿಸಿ ನಕ್ಕರು. ‘ಬಿಡ್ರಿ ಅತ್ತಾಗ! ನಮಗ್ಯಾರಿಗೆ ಗೊತ್ತಾಗ್ತೈತಿ?’

‘ಹೌದ್ರಿ’ ಎಂದೆ. ‘ಸ್ಪೆಲ್ಲಿಂಗ್.’

ಚಹಾ ಕುಡಿದೆ. ಅವರ ಮನೆಯವರು ಒಳಗೆ ಕರೆದು ಕುಂಕುಮ ಹಚ್ಚಿ, ಕುಬುಸದ ಬಟ್ಟೆ ಉಡಿಯಲ್ಲಿ ಇಟ್ಟರು. ಎರಡು ಗಂಟೆಯ ಬಸ್ಸಿಗೆ ಹಿಂದಿರುಗಿದೆ. ಸಭೆಗೆ ಇನ್ನೂ ಮೂರು ದಿನ ಉಳಿದಿತ್ತು. ಒಂದು ಕಾಗದ ಬರೆಯಬಹುದಿತ್ತು. ದೊಡ್ಡ ಡಾಕ್ಟರು ಪಕ್ಕದ ಕೋಣೆಯಲ್ಲೇ ಇದ್ದರು, ಬಾಗಿಲು ತಟ್ಟಬಹುದಿತ್ತು. ಆ ಮೂರು ದಿನವೂ ಆಯಮ್ಮನ ಮುಂದೆಯೇ ಓಡಾಡಿದೆ.

ಸಭೆ ಮುಗಿದ ವಾರದಲ್ಲಿ ಟೋಕನ್ ಪೆಟ್ಟಿಗೆ ಬಂತು. ಹಿತ್ತಾಳೆಯ ಬಿಲ್ಲೆಗಳು, ಒಂದೊಂದರ ಮೇಲೂ ನಂಬರು. ಪೆಟ್ಟಿಗೆ ಇಡಲು ಬೇರೆ ಜಾಗ ಇರಲಿಲ್ಲವಾದ್ದರಿಂದ ಆಯಮ್ಮನ ಸ್ಟೂಲಿನ ಮೇಲೆಯೇ ಇಟ್ಟರು. ಆಕೆಗೆ ನಾಳೆಯಿಂದ ಬರಬೇಡ ಎಂದು ಹೇಳಿದವರು ಹಳೆಯ ಮ್ಯಾನೇಜರು.

ಆಕೆ ನೇರವಾಗಿ ನನ್ನ ಹತ್ತಿರ ವಾರ್ಡಿಗೆ ಬಂದಳು. ಅಳುತ್ತಿರಲಿಲ್ಲ. ಏನೋ ಉಪಾಯ ಹೊಳೆದವಳ ಹಾಗೆ ಅವಸರದಲ್ಲಿದ್ದಳು.

‘ಸಿಸ್ಟರಮ್ಮ, ನೀವು ಬರ್ದದ್ದು ಐತಲ್ರಿ, ನನ್ನ ಬಗ್ಗೆ? ಅದನ್ನ ಸೌಕಾರ್ರಿಗೆ ತೋರಸ್ರಿ. ಅವ್ರಿಗೆ ಗೊತ್ತಿಲ್ಲ, ಅದಕ್ಕ ಹಿಂಗ ಮಾಡ್ಯಾರ. ಓದಿದ್ರ ತೆಗಿಯಂಗಿಲ್ಲ. ಬಸ್ಸಿನ ವಿಷಯ ಎಲ್ಲಾ ಬರ್ದೀರಲ್ರಿ ಅದ್ರಾಗ?’

‘ಬರ್ದೀನಿ ಆಯಮ್ಮ.’

‘ಜಲ್ದಿ ತೋರಸ್ರಿ. ಮನಿಯಾಗ ಅವನ ಗುಳಿಗಿ ನಾಕು ದಿನಕ್ಕ ಅದಾವ.’

‘ತೋರಸ್ತೀನಿ’ ಎಂದೆ.

ನಾಲ್ಕು ದಿನ ಆದ ಮೇಲೆ ಒಬ್ಬರ ಕೈಯಲ್ಲಿ ಗುಳಿಗೆ ಕಳಿಸಿದೆ. ಮುಂದೆಯೂ ಕೆಲವು ತಿಂಗಳು ಕಳಿಸಿದೆ. ಆಕೆ ಪ್ರತಿ ಸಲವೂ ಸಿಸ್ಟರಮ್ಮನಿಗೆ ಶರಣು ಹೇಳ್ರಿ ಎಂದು ಹೇಳಿ ಕಳಿಸುತ್ತಿದ್ದಳು. ಒಂದು ಸಲ ಸೊಪ್ಪಿನ ಕಟ್ಟು ಕಳಿಸಿದಳು. ನಿಮ್ಮ ಅಜ್ಜ ಅದರ ಪಲ್ಯ ಉಂಡು ರುಚಿ ಐತಿ ಎಂದರು, ನಾನು ಉಪವಾಸ ಎಂದು ಹೇಳಿ ಎದ್ದೆ. ಆಮೇಲೆ ಆಕೆಯ ಗಂಡ ತೀರಿಕೊಂಡ ಸುದ್ದಿ ಬಂತು. ಗುಳಿಗೆಗೂ ಆ ಸಾವಿಗೂ ಸಂಬಂಧ ಇರಲಿಲ್ಲ ಎಂದು ಡಾಕ್ಟರು ಹೇಳಿದರು. ಇರಲಿಕ್ಕಿಲ್ಲ.

ನಾನು ಪಾಸಾದೆ, ಕುರ್ಚಿ ಸಿಕ್ಕಿತು. ಸಂಡೂರಿನ ಹೆಂಗಸರು ಹನ್ನೊಂದಕ್ಕೆ ಬಂದು ಎಪ್ಪತ್ತು, ಎಂಬತ್ತರ ನಂಬರು ಹಿಡಿದು ಮೂಲೆಯಲ್ಲಿ ಕೂರತೊಡಗಿದರು. ಒಂದೂವರೆ ಆಗುವ ಹೊತ್ತಿಗೆ ಕೆಲವರು ಬಿಲ್ಲೆಯನ್ನು ಪೆಟ್ಟಿಗೆಗೆ ಹಾಕಿ, ಡಾಕ್ಟರನ್ನು ನೋಡದೆಯೇ ಬಸ್ಸಿಗೆ ಹೋಗಿಬಿಡುತ್ತಿದ್ದರು. ಸಂಜೆ ಬಿಲ್ಲೆ ಎಣಿಸುವಾಗ ಅವೂ ನೋಡಿದವರ ಲೆಕ್ಕದಲ್ಲೇ ಸೇರುತ್ತಿದ್ದವು. ಪೇಟೆಯವರಿಂದ ಒಂದು ತಕರಾರೂ ಇರಲಿಲ್ಲ. ಟ್ರಸ್ಟಿನವರು ನನ್ನನ್ನು ಹೊಗಳಿದರು.

ಕುರ್ಚಿ ಸಿಕ್ಕ ಮೇಲೆ ಆಯಮ್ಮನನ್ನು ಮರಳಿ ಕರೆಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕರೆಸಬಹುದಿತ್ತು. ಕರೆಸಿದರೆ, ನೀವೇ ಬೇಡ ಎಂದು ಬರೆದವರು ಈಗ ಯಾಕೆ ಬೇಕೆನ್ನುತ್ತೀರಿ ಎಂದು ಸೌಕಾರ್ರು ಕೇಳುತ್ತಿದ್ದರು. ಆ ಒಂದು ಪ್ರಶ್ನೆಯ ಅಂಜಿಕೆಯಲ್ಲಿ ಮೊದಲನೆಯ ವರ್ಷ ಹೋಯಿತು. ಎರಡನೆಯ ವರ್ಷ ಅಂಜಿಕೆಗೆ ರೂಢಿ ಬಿದ್ದಿತು. ಶಬ್ದ ತಪ್ಪು ತಿಳಿದದ್ದಕ್ಕೆ ನಾನು ಈಗ ಅಷ್ಟು ಮರುಗುವುದಿಲ್ಲ. ನನ್ನಂಥ ಶಾಲೆಯಲ್ಲಿ ಓದಿದ ಯಾರಾದರೂ ಹಾಗೆ ತಿಳಿಯಬಹುದಿತ್ತು. ತಿಳಿದ ಮೇಲೆ ಸ್ಪೆಲ್ಲಿಂಗ್ ಎಂದೆನಲ್ಲ, ಅದಕ್ಕೆ ಮರುಗುತ್ತೇನೆ.

ಐದಾರು ವರ್ಷ ಕಳೆದಿರಬೇಕು. ಒಂದು ಬೆಳಗ್ಗೆ ನನ್ನ ಕೋಣೆಯ ಗಾಜಿನಿಂದ ನೋಡಿದರೆ ಆಯಮ್ಮ ರೋಗಿಗಳ ಬೆಂಚಿನ ಮೇಲೆ ಕೂತಿದ್ದಳು. ಮೊಣಕಾಲು ಬಾತಿತ್ತು, ಕೈಯಲ್ಲಿ ಬಿಲ್ಲೆ ಇತ್ತು. ಬೇಗ ಬಂದಿದ್ದಳೆಂದು ಕಾಣುತ್ತದೆ, ಹನ್ನೆರಡನೆಯ ನಂಬರು ಕೂಗಿದಾಗ ಎದ್ದಳು. ಎದ್ದವಳು ಮುಂದೆ ಹೋಗಲಿಲ್ಲ. ಬಗ್ಗಿ ಸಾಲಿನುದ್ದಕ್ಕೂ ಕಾಲುಗಳನ್ನು ನೋಡುತ್ತ ನಡೆದು, ಕೊನೆಯಲ್ಲಿ ಕೂಸನ್ನು ಕಟ್ಟಿಕೊಂಡು ಕೂತಿದ್ದ ಒಬ್ಬಳ ಮುಂದೆ ನಿಂತಳು. ‘ಏಳವ್ವ ತಂಗಿ, ನಿನ್ನ ಬಿಲ್ಲಿ ನನಗ ಕೊಡು, ಇದನ್ನ ಹಿಡಿ’ ಎಂದು ಅವಳನ್ನು ತೋಳು ಹಿಡಿದು ಎಬ್ಬಿಸಿ ಡಾಕ್ಟರ ಕೋಣೆಗೆ ಕಳಿಸಿದಳು. ಅವಳು ಹೋದ ಜಾಗದಲ್ಲಿ ತಾನು ಕೂತಳು.

ನಾನು ಹೊರಗೆ ಬಂದೆ. ಆಕೆ ಎದ್ದು ನಿಲ್ಲಲು ಹೋದಳು, ಹೆಗಲು ಹಿಡಿದು ಕೂರಿಸಿದೆ.

‘ದೊಡ್ಡಾಕಿ ಆದ್ರಿ ಸಿಸ್ಟರಮ್ಮ. ಕೇಳಿ ಖುಷಿ ಆತು’ ಎಂದಳು. ಆಮೇಲೆ, ‘ಅದನ್ನ ಸೌಕಾರ್ರಿಗೆ ತೋರ್ಸಿದ್ರೇನ್ರಿ ಆವಾಗ?’ ಎಂದಳು.

‘ಅವ್ರು ಓದಿದ್ರು, ಆಯಮ್ಮ.’

‘ಓದಿನೂ ಹಿಂಗ ಮಾಡಿದ್ರು?’

ನಾನು ಹೂಂ ಎಂದೆ.

‘ಹೋಗ್ಲಿ ಬಿಡ್ರಿ, ಅವ್ರಿಗೆ ತಿಳೀಲಿಲ್ಲ’ ಎಂದು ಆಕೆ ನನ್ನ ಕೈ ತಟ್ಟಿದಳು. ‘ನೀವಂತೂ ಬರ್ದ್ರಿ.’

ಆಕೆಯನ್ನು ನಾನೇ ಒಳಗೆ ಕರೆದುಕೊಂಡು ಹೋಗಬಹುದಿತ್ತು. ‘ಬ್ಯಾಡ್ರಿ, ಪಾಳಿ ಬರ್ಲಿ’ ಎಂದಳು. ಆಕೆಯ ಕೈಯಲ್ಲಿದ್ದದ್ದು ಎಪ್ಪತ್ತೊಂದನೆಯ ನಂಬರು. ನಾನು ಕೋಣೆಗೆ ಬಂದು ಕುರ್ಚಿಯಲ್ಲಿ ಕೂತು, ಎಪ್ಪತ್ತೊಂದು ಕೂಗುವವರೆಗೂ ಗಾಜಿನ ಕಡೆ ಬೆನ್ನು ಹಾಕಿದ್ದೆ. ಮತ್ತೆ ಆಕೆಯನ್ನು ನೋಡಲಿಲ್ಲ.

ಆ ವರದಿಯ ನನ್ನ ಪ್ರತಿ ಕಬ್ಬಿಣದ ಪೆಟ್ಟಿಗೆಯಲ್ಲಿ, ಮದುವೆ ಸೀರೆಯ ಕೆಳಗೆ ಇದೆ. ಕೊನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಒಂದು ಸಾಲು ಬರೆದಿದ್ದೇನೆ: ಟೋಕನ್ ಇದ್ದರೂ ಇಲ್ಲದಿದ್ದರೂ ಈ ಹೆಣ್ಣುಮಗಳು ಬಾಗಿಲಲ್ಲಿ ಇರಬೇಕು. ಇಷ್ಟು ಸಣ್ಣ ಮಾತು. ಕನ್ನಡದಲ್ಲಿ ಬರೆದುಕೊಟ್ಟಿದ್ದರೆ ಸೌಕಾರ್ರು ಅಳಿಯನನ್ನು ಕರೆಯದೆ ತಾವೇ ಓದುತ್ತಿದ್ದರು.

ಈ ಸಲ ಮನೆಗೆ ಸುಣ್ಣ ಹೊಡೆಸುವಾಗ ಸರ್ಟಿಫಿಕೇಟನ್ನು ಇಳಿಸಿಬಿಡಿ. ಯಾಕೆ ಇಳಿಸಿದಿರಿ ಎಂದು ಯಾರಾದರೂ ಕೇಳಿದರೆ, ಹೇಳಿರಿ.